ಟಗರು ಗುದ್ದಿದ ಮೀಸೆ

ನಮ್ಮ ಮುತ್ಯಾನ ಮೀಸೆಯಲ್ಲಿ ಎಡಗಡೆ ಹೆಬ್ಬೆರಳಗಲ ಬಿಳುಪು ಇದೆ. ಉಳಿದದ್ದೆಲ್ಲ ಕಪ್ಪು. ಅರವತ್ತೈದು ದಾಟಿದರೂ ಅಲ್ಲೊಂದು ಇಲ್ಲೊಂದು ಎಳೆ ಬಿಟ್ಟರೆ ನರೆತಿಲ್ಲ. ಹರೆಯದಲ್ಲಿ ಒಂದು ಟಗರು ಮುಖಕ್ಕೇ ಗುದ್ದಿತಂತೆ, ಗಾಯ ಮಾಯ್ದ ಮೇಲೆ ಅಷ್ಟು ಜಾಗದಲ್ಲಿ ಮಾತ್ರ ಬೆಳ್ಳಗೆ ಬೆಳೆಯಿತಂತೆ. ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದ ಕಥೆ ಇದು. ಚಿಕ್ಕವಳಿದ್ದಾಗ ನಾನು ಅವನ ತೊಡೆಯ ಮೇಲೆ ಕುಳಿತು, "ಹಾಲು ಕುಡ್ದು ಬಾಯಿ ಒರಸ್ಕೊಂಡಿಲ್ಲ ನೀ" ಎಂದು ಆ ಬಿಳುಪನ್ನು ಲಂಗದ ಅಂಚಿನಿಂದ ಉಜ್ಜುತ್ತಿದ್ದೆ. ಅವನು ಸುಮ್ಮನೆ ಉಜ್ಜಿಸಿಕೊಳ್ಳುತ್ತಿದ್ದ.

ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ, ಅಮೋಘಸಿದ್ದಪ್ಪ. ದುಬಲಗುಂಡಿಯಲ್ಲಿ ನಮ್ಮದು ಕುರಿ ಸಾಕುವ ಮನೆ. ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಅವನಿಗೆ ಸಾಟಿಯಾದವರನ್ನು ನಾನಂತೂ ನೋಡಿಲ್ಲ. ಅವನ ಕೈಯಲ್ಲಿ ಕುರಿಯ ಚರ್ಮಕ್ಕೆ ಒಂದು ಗೀರು ಬೀಳುವುದಿಲ್ಲ, ಕುರಿ ಒದೆಯುವುದೂ ಇಲ್ಲ. ಮನ್ನಾಏಖೇಳ್ಳಿ ಊರಿನವರು ಕೂಡ ತಮ್ಮ ಕುರಿಗಳಿಗೆ ಅವನನ್ನೇ ಹೇಳಿ ಕಳಿಸುತ್ತಾರೆ.

ದೀಪಾವಳಿ ಮುಗಿದ ಮೇಲೆ ಉಣ್ಣೆ ಕತ್ತರಿಸುವ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮೊದಲ ಕುರಿಯನ್ನು ಮಲಗಿಸುವ ಮುಂಚೆ, ಮುತ್ಯಾ ಅದೇ ಕತ್ತರಿಯಿಂದ ಮನೆಯ ಮಗಳ ಕೂದಲ ತುದಿಯನ್ನು ಎರಡು ಬೆರಳಿನಷ್ಟು ಕತ್ತರಿಸುತ್ತಾನೆ. ಆ ತುದಿಯನ್ನು ಮೊದಲ ಕುರಿಯ ಉಣ್ಣೆಯೊಳಗೆ ಇಟ್ಟು ಗಂಟು ಕಟ್ಟುತ್ತಾನೆ. ಎರಡೂ ಜೊತೆಜೊತೆಗೆ ಬೆಳೆಯಲಿ ಎಂದು. ಮೊದಲು ನನ್ನ ಅತ್ತೆಯಂದಿರ ಕೂದಲಿಗೆ ಆ ಕತ್ತರಿ ಬಿತ್ತು, ಅವರು ಮದುವೆಯಾಗಿ ಹೋದ ಮೇಲೆ ನನ್ನದಕ್ಕೆ. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಕುರಿಮರಿ ಎಂದು ಕರೆದು ನಗುತ್ತಿದ್ದರು. ನನ್ನ ಜಡೆ ಸೊಂಟ ದಾಟಿದ ಮೇಲೆ ಅವರೇ ಬಂದು, ನಿಮ್ಮ ಮುತ್ಯಾನಿಗೆ ಹೇಳಿ ನಮ್ಮದೂ ಕತ್ತರಿಸಲು ಬರುತ್ತದೇನು ಎಂದು ಕೇಳಿದರು. ಬರುವುದಿಲ್ಲ ಎಂದೆ. ಅಷ್ಟು ಸಿಟ್ಟು ನನಗೂ ಇದೆ.

ಈಗ ನನಗೆ ಇಪ್ಪತ್ತೊಂದು. ದಿನಾ ಮುಂಜಾನೆ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುತ್ತೇನೆ. ಅಲ್ಲಿ ಬಿಸ್ಮಿಲ್ಲಾ ಬೀ ಅವರ ಅಂಗಡಿಯಲ್ಲಿ ಬಳೆ, ಕ್ಲಿಪ್ಪು, ರಿಬ್ಬನ್ನು, ತಲೆಗೆ ಹಚ್ಚುವ ಎಣ್ಣೆ ಮಾರುವುದು ನನ್ನ ಕೆಲಸ. ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಹೊಸ ಕ್ಲಿಪ್ಪು ಬಂದರೆ ಖಾಲಾ ಅದನ್ನು ಮೊದಲು ನನ್ನ ಕೂದಲಿಗೇ ಸಿಕ್ಕಿಸಿ, ಗಿರಾಕಿಗಳ ಮುಂದೆ ನನ್ನನ್ನು ಗಿರಕಿ ಹೊಡೆಸುತ್ತಾರೆ. ನಮ್ಮ ಅಂಗಡಿಯ ಬೋರ್ಡು ನನ್ನ ಜಡೆಯೇ ಎಂದು ಎಲ್ಲರಿಗೂ ಹೇಳುತ್ತಾರೆ.

ಬಸ್ಸಿಗೆ ಹೊರಟಾಗ ಮುತ್ಯಾ ಬೇವಿನ ಗಿಡದ ಕೆಳಗೆ ನಿಂತಿರುತ್ತಾನೆ. ನಾನು ತಲೆ ಬಗ್ಗಿಸುತ್ತೇನೆ. ಅವನು ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು, "ಹೋಗಿ ಬಾ ಯವ್ವಾ" ಎನ್ನುತ್ತಾನೆ. ಒಂದನೇ ತರಗತಿಯಿಂದ ಹೀಗೇ ನಡೆದಿತ್ತು. ಉಣ್ಣೆಯ ಜಿಡ್ಡು ಹತ್ತಿ ಹತ್ತಿ ಮೆತ್ತಗಾದ ಅಗಲವಾದ ಕೈ ಅದು. ಆ ಕೈ ತಲೆಯ ಮೇಲೆ ಬೀಳದಿದ್ದರೆ ಆ ದಿನ ಮುಖ ತೊಳೆಯದೆ ಹೊರಗೆ ಬಂದಂತೆ ಅನಿಸುತ್ತದೆ.

ಜನವರಿಯಲ್ಲಿ ಒಂದು ದಿನ ಖಾಲಾ ಗಿರಾಕಿಯೊಬ್ಬರಿಗೆ ತೋರಿಸಲು ನನ್ನ ಕೂದಲನ್ನು ಎರಡು ಪಾಲು ಮಾಡಿದರು. ಕೈ ಅಲ್ಲೇ ನಿಂತಿತು. ಗಿರಾಕಿಗೆ ಏನೋ ನೆಪ ಹೇಳಿ ಕಳಿಸಿ, ಅರ್ಧ ಬಾಗಿಲು ಎಳೆದು ನನ್ನನ್ನು ಒಳಗೆ ಕೂರಿಸಿದರು.

"ಬೇಟಾ, ಇದು ಏನಾಗ್ಯಾದ ಇಲ್ಲಿ? ಯಾರರೆ ಕೂದ್ಲಾ ಕಿತ್ತಾರೇನು?"

ನಾನು ಬೆರಳಿನಿಂದ ಮುಟ್ಟಿ ನೋಡಿದೆ. ನೆತ್ತಿಯಲ್ಲಿ ಬಳೆಯಷ್ಟು ದುಂಡಗೆ ಒಂದು ಜಾಗ, ಕೆನ್ನೆಯಷ್ಟು ನುಣುಪು. ನೋವಿಲ್ಲ, ತುರಿಕೆಯಿಲ್ಲ. ಎರಡು ಕನ್ನಡಿ ಹಿಡಿದು ನೋಡಿದಾಗ ಅದು ನನ್ನ ತಲೆ ಎಂದು ಒಪ್ಪಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅತ್ತುಬಿಟ್ಟೆ. ಎಣ್ಣೆ ಬಾಟಲಿಗಳ ಮಧ್ಯೆ ಕುಳಿತು ಕೂದಲಿಗಾಗಿ ಅಳುವುದು ಎಷ್ಟು ಅವಮಾನ ಎಂದು ಹೇಳಲಾರೆ. ಖಾಲಾ ತಮ್ಮ ದುಪಟ್ಟಾ ತೆಗೆದು ನನ್ನ ತಲೆಗೆ ಹೊದಿಸಿದರು.

ಮನೆಯಲ್ಲಿ ಅವ್ವ ನೋಡಿ, "ಹುಳ ತಿಂದದ" ಎಂದಳು. ಊರಲ್ಲಿ ಎಲ್ಲರೂ ಇದಕ್ಕೆ ಅದನ್ನೇ ಹೇಳುವುದು. ಮುತ್ಯಾ ಮಾತ್ರ ನನ್ನನ್ನು ಬಿಸಿಲಿಗೆ ಕರೆದು, ಕುರಿಯ ಉಣ್ಣೆ ಬಿಡಿಸಿ ನೋಡುವ ಹಾಗೆ ಬೆರಳಾಡಿಸಿ ಬಹಳ ಹೊತ್ತು ನೋಡಿದ. ಅವನ ಮುಖ ಸಣ್ಣಗಾಯಿತು.

"ಹುಳ ಅಲ್ಲ. ಗಜಕರ್ಣ ಇದು. ಕುರಿಗಿ ಹಿಂಗೇ ಆಗ್ತದ, ದುಂಡಗ." ಕೈ ಹಿಂದಕ್ಕೆ ತೆಗೆದುಕೊಂಡು ಹೇಳಿದ, "ನನ್ನ ಕತ್ತರಿಲಿಂದ ಬಂದದ. ದೀಪಾವಳಿಗಿ ಮುಂಚೆ ಮನ್ನಾಏಖೇಳ್ಳಿಗಿ ಹೋಗಿದ್ನಲ್ಲ, ಅಲ್ಲಿ ಎರಡು ಕುರಿಗಿ ಮೈಮ್ಯಾಲ ಹಿಂಗೇ ಇತ್ತು. ಕತ್ತರಿ ತೊಳೀಲಾರ್ದೇ ನಿನ್ನ ಕೂದ್ಲಿಗಿ ಹಚ್ಚೀನಿ."

"ನೀ ಕತ್ತರಿಸಿದ್ದು ಸೊಂಟದ ಕಡೆ ಮುತ್ಯಾ. ಅಲ್ಲಿಂದ ನೆತ್ತಿಗಿ ಹ್ಯಾಂಗ ಏರ್ತದ?" ಎಂದೆ.

"ಕತ್ತರಿ ಹಿಡಿದ ಕೈಯೇ ದಿನಾ ನಿನ್ನ ನೆತ್ತಿ ಮ್ಯಾಲ ಇಟ್ಟೀನಲ್ಲ."

ನಾನು ನೆತ್ತಿ ಮುಟ್ಟಿ ನೋಡಿಕೊಂಡೆ. ಆ ದುಂಡನೆಯ ಜಾಗ ಇದ್ದದ್ದು ಸರಿಯಾಗಿ ಅವನ ಅಂಗೈ ಬೀಳುವಲ್ಲೇ.

ಕುರಿಗೆ ಮಾಡುವ ಔಷಧವನ್ನೇ ಮುತ್ಯಾ ನನಗೂ ಮಾಡಿದ. ತಂಬಾಕು ನೆನೆಸಿದ ನೀರು, ಅದರ ಮೇಲೆ ಬೇವಿನೆಣ್ಣೆ, ಅರಿಶಿನ. ಆದರೆ ಹಚ್ಚಲು ತಾನು ಬರಲಿಲ್ಲ. ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟು ದೂರ ಸರಿದು, ಹೇಗೆ ಹಚ್ಚಬೇಕೆಂದು ಅವ್ವನಿಗೆ ಹೇಳುತ್ತಿದ್ದ. ಅವ್ವ ಮಾವನಿಗೆ ಎದುರಾಡುವವಳಲ್ಲ. ಹೇಳಬೇಕಾದದ್ದನ್ನೆಲ್ಲ ಪಾತ್ರೆಗಳಿಗೆ ಹೇಳುತ್ತಾಳೆ. ಆ ದಿನಗಳಲ್ಲಿ ನಮ್ಮ ಮನೆಯ ಪಾತ್ರೆಗಳು ಬಹಳ ಬೈಸಿಕೊಂಡವು. ತಲೆ ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಆದರೂ ಎರಡು ವಾರ ಹಚ್ಚಿಸಿಕೊಂಡೆ, ಅವನಿಗೋಸ್ಕರ. ಅಷ್ಟರಲ್ಲಿ ಕಿವಿಯ ಹಿಂದೆ ಇನ್ನೊಂದು ಜಾಗ ಬೋಳಾಯಿತು.

ಅವತ್ತೇ ಮುತ್ಯಾ ತನ್ನ ಹಾಸಿಗೆ, ಕಂಬಳಿ, ತಾಟು, ಚರಿಗೆ ಎತ್ತಿಕೊಂಡು ಕುರಿದೊಡ್ಡಿಯ ಪಕ್ಕದ ಗುಡಿಸಲಿಗೆ ಹೋದ. ಕತ್ತರಿಯನ್ನು ಹಳೆ ಧೋತರದಲ್ಲಿ ಸುತ್ತಿ ಮನೆಯ ತೊಲೆಗೆ ಕಟ್ಟಿದ. ಇನ್ನು ಕತ್ತರಿ ಮುಟ್ಟುವುದಿಲ್ಲ ಎಂದ. ಮುಂಜಾನೆ ನಾನು ಬಸ್ಸಿಗೆ ಹೊರಟರೆ ಬೇವಿನ ಗಿಡದ ಆಚೆ ನಿಂತು ಅಲ್ಲಿಂದಲೇ ಕೈ ಎತ್ತುತ್ತಿದ್ದ. ಕೂದಲು ಉದುರಿದ್ದಕ್ಕೆ ನಾನು ಅತ್ತದ್ದು ಮೂರೋ ನಾಲ್ಕೋ ಸಲ. ಆ ಎತ್ತಿದ ಕೈ ನೋಡಿ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ದಿನಾ ಅತ್ತಿದ್ದೇನೆ. ನನಗೆ ಕೂದಲಿಗಿಂತ ಆ ಕೈ ವಾಪಸ್ ಬೇಕಾಗಿತ್ತು.

ಕೊನೆಗೆ ಖಾಲಾ ಗದರಿದರು. "ಕುರಿ ದವಾ ಬಂದ್ ಮಾಡು ಇನ್ನ. ಕಲ್ಯಾಣದಾಗ ಚರ್ಮದ ಡಾಕ್ಟರಮ್ಮ ಅದಾರ, ನಮ್ಮ ಸೊಸಿಗಿ ಅವರೇ ಆರಾಮ ಮಾಡ್ಯಾರ. ನಾಳಿಗೇ ಹೋಗು."

ಬಸವಕಲ್ಯಾಣಕ್ಕೆ ಹೋಗುತ್ತೇನೆ ಎಂದಾಗ ಮುತ್ಯಾ ತಾನೂ ಬರುತ್ತೇನೆಂದ. ನನಗೆ ಖುಷಿಯಾಯಿತು. ಆದರೆ ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂರಲಿಲ್ಲ, ಎರಡು ಸೀಟು ಹಿಂದೆ ಕುಳಿತ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ತಿರುಗಿ ನೋಡಿದಾಗಲೆಲ್ಲ ಅವನು ಬಗಲಲ್ಲಿ ಒಂದು ಗಂಟು ಅವುಚಿಕೊಂಡಿದ್ದ. ಬುತ್ತಿ ಇರಬೇಕೆಂದುಕೊಂಡೆ.

ದವಾಖಾನೆಯಲ್ಲಿ ಡಾಕ್ಟರ್ ಭುವನೇಶ್ವರಿ ನನ್ನ ತಲೆಯ ಮೇಲೆ ದೀಪವಿದ್ದ ಒಂದು ಭೂತಗನ್ನಡಿ ಇಟ್ಟು ನೋಡುತ್ತಿದ್ದರು. ಐವತ್ತರ ಹತ್ತಿರದವರು, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಅವಸರವಿಲ್ಲ. ಆಗ ಮುತ್ಯಾ ಮುಂದೆ ಬಂದು ಮೇಜಿನ ಮೇಲೆ ಗಂಟು ಬಿಚ್ಚಿದ. ಒಳಗಿದ್ದದ್ದು ಬುತ್ತಿಯಲ್ಲ, ಮೊಳದುದ್ದದ ಉಣ್ಣೆ ಕತ್ತರಿ. ಬಾಗಿಲಲ್ಲಿದ್ದ ನರ್ಸಮ್ಮ ಎರಡು ಹೆಜ್ಜೆ ಹಿಂದೆ ಹೋದಳು.

"ಇದ್ಯಾಕ ತಂದೀರಿ ಮುತ್ಯಾ?" ಡಾಕ್ಟರ್ ಕೇಳಿದರು.

"ಪರೀಕ್ಷಾ ಮಾಡ್ರಿ ತಾಯಿ. ತಪ್ಪು ಮಾಡಿದ ಮುಜರಿಮ್ ಇದೇ ಅದ. ಇದರ ಸಂಗಡ ನನ್ನ ಕೈನೂ ನೋಡ್ರಿ." ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿದ. "ತಪ್ಪು ನಂದದ. ಹುಡುಗಿದು ಏನಿಲ್ಲ."

ನನಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋಗೋಣ ಅನಿಸಿತು. ಡಾಕ್ಟರ್ ನಗಲಿಲ್ಲ. ಭೂತಗನ್ನಡಿಯನ್ನು ಕತ್ತರಿಯ ಒಂದು ಅಲಗಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ಹಿಡಿದು ನಿಜವಾಗಿಯೂ ನೋಡಿದರು. ಮುತ್ಯಾನ ಅಂಗೈಗಳನ್ನು ಒಂದೊಂದಾಗಿ ನೋಡಿದರು. ಬೆರಳ ಸಂದಿಗಳನ್ನೂ ಬಿಡಲಿಲ್ಲ. ಆ ಒಂದು ಕೆಲಸಕ್ಕೆ ನಾನು ಆ ಹೆಣ್ಣುಮಗಳಿಗೆ ಬದುಕಿರುವವರೆಗೂ ಕೈ ಮುಗಿಯುತ್ತೇನೆ.

"ಎರಡೂ ಬೇಕಸೂರ್ ಅದಾವ, ಏನೂ ತಪ್ಪಿಲ್ಲ," ಎಂದರು. "ಗಜಕರ್ಣ ಆಗಿದ್ರ ಹೊಟ್ಟು ಏಳ್ತಿತ್ತು, ತುರಸ್ತಿತ್ತು. ಇಲ್ಲಿ ಚರ್ಮ ನುಣ್ಣಗದ. ಇದು ಒಬ್ಬರಿಂದ ಒಬ್ಬರಿಗಿ ಹತ್ತೋದಲ್ಲ ಮುತ್ಯಾ. ಕುರಿಯಿಂದನೂ ಬರಲ್ಲ, ಕತ್ತರಿಯಿಂದನೂ ಬರಲ್ಲ, ಕೈಯಿಂದಂತೂ ಬರೋದೇ ಇಲ್ಲ."

"ಹಂಗಾದ್ರ ಮುಜರಿಮ್ ಯಾರ್ರಿ?"

"ಯಾರೂ ಇಲ್ಲ. ಕಾವಲುಗಾರನೇ ತಪ್ಪು ತಿಳ್ಕೊಂಡಾನ."

ಆಮೇಲೆ ಅವರು ಬಿಡಿಸಿ ಹೇಳಿದರು. ನಮ್ಮ ಮೈಯಲ್ಲಿ ರೋಗ ಬಂದರೆ ಹೊಡೆದಾಡುವ ಒಂದು ಕಾವಲು ಪಡೆ ಇದೆಯಂತೆ, ಕಣ್ಣಿಗೆ ಕಾಣದ ಕಣಗಳದು. ಕೂದಲಿನ ಬೇರು ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳದ ಹಾಗೆ ಒಂದು ಮರೆಯಲ್ಲಿ ಇರುತ್ತದಂತೆ. ಕೆಲವರಲ್ಲಿ ಯಾಕೋ ಆ ಮರೆ ಹರಿದುಹೋಗುತ್ತದೆ. ಆಗ ಕಾವಲಿನವರು ಬೇರನ್ನು ನೋಡಿ ಯಾರೋ ಹೊರಗಿನವರು ಎಂದು ಸುತ್ತುವರಿದು ಮೇಲೆ ಬೀಳುತ್ತಾರೆ. ಕೂದಲು ಉದುರುತ್ತದೆ. ಇದಕ್ಕೆ ಡಾಕ್ಟರರು ಅಲೊಪೇಶಿಯಾ ಏರಿಯಾಟಾ ಎನ್ನುತ್ತಾರಂತೆ.

"ಆದ್ರ ಬೇರು ಸತ್ತಿರಲ್ಲ," ಎಂದರು. "ಅಂಜಿ ಮಲಗಿರ್ತದ."

ಮುತ್ಯಾ ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ಕೇಳುತ್ತಿದ್ದವನು ಒಮ್ಮೆಲೇ, "ಹುಲಿಯಾ!" ಎಂದ.

ಡಾಕ್ಟರ್ ನನ್ನ ಮುಖ ನೋಡಿದರು. ಹುಲಿಯಾ ನಮ್ಮ ಕುರಿ ಕಾಯುವ ನಾಯಿ ಎಂದು ನಾನು ಹೇಳಬೇಕಾಯಿತು.

"ಎರಡು ವರ್ಷದ ಹಿಂದಿನ ಮಾತ್ರಿ," ಮುತ್ಯಾ ಕುರ್ಚಿಯನ್ನು ಮುಂದೆ ಎಳೆದುಕೊಂಡ. "ತೋಳ ಬಂದ್ರೂ ಹೆದರದ ನಾಯಿ. ಒಂದಿನಾ ನಮ್ಮ ಕುರಿ ಉಣ್ಣೆ ಕತ್ತರಿಸಿ, ಹಳ್ಳದಾಗ ಮೈ ತೊಳದು ಹೊಡ್ಕೊಂಡು ಬಂದೇವು. ಉಣ್ಣೆ ಹೋಗಿತ್ತು, ವಾಸನಿ ಹೋಗಿತ್ತು. ಹುಲಿಯಾಗ ಗುರುತೇ ಸಿಗಲಿಲ್ಲ. ನಮ್ಮದೇ ಮರಿ ಕುತ್ತಿಗಿಗಿ ಬಾಯಿ ಹಾಕ್ತು. ನಾಯಿಗಿ ಹೊಡದು ಹಾಕ್ರಿ ಅಂದ್ರು ಮಂದಿ. ನಾ ಹಾಕಲಿಲ್ಲ. ಅದು ಕೆಟ್ಟ ನಾಯಿ ಅಲ್ಲ ತಾಯಿ, ತಪ್ಪು ತಿಳ್ಕೊಂಡಿತ್ತು. ಎಂಟು ದಿನ ಕುರಿಗಳ ನಡುವೇ ಕಟ್ಟಿದೆ. ಬಾಜೂಕ ಗೌರಿಗಿ ಬಿಟ್ಟೆ, ಹಳೇ ಹೆಣ್ಣು ನಾಯಿ ಅದ, ಬಹಳ ಶಾಂತ. ಹುಲಿಯಾ ಗುರ್ ಅಂದ್ರ ಗೌರಿ ಹೋಗಿ ಮರಿ ಮೈ ನೆಕ್ತಿತ್ತು. ಅದಕ್ಕ ನೋಡಿ ನೋಡಿ ಹುಲಿಯಾ ಸುಮ್ಮನಾಯ್ತು. ಇವತ್ತಿಗೂ ಅದೇ ಕಾಯ್ತದ."

"ಮರಿ?"

"ಉಳೀತ್ರಿ. ಈಗ ಅದಕ್ಕೇ ಎರಡು ಮರಿ."

ಡಾಕ್ಟರ್ ಈಗ ನಕ್ಕರು. "ಈ ಕಾವಲಿನಾಗೂ ಒಂದು ಗೌರಿ ಅದ ಮುತ್ಯಾ. ಗದ್ದಲ ಮಾಡೋ ಕಣಗಳಿಗಿ ಸುಮ್ಮನಾಗಿಸೋ ಬ್ಯಾರೆ ಕಣ ಇರ್ತಾವ. ಅವು ಬರೇ ಸುಮ್ಮನಾಗಿಸಲ್ಲ, ಮಲಗಿದ ಕೂದ್ಲದ ಬೇರಿಗಿ ಏಳು ಅಂತ ಎಬ್ಬಸ್ತಾವ. ಇಲಿಗಳ ಮ್ಯಾಲ ಪರೀಕ್ಷಾ ಮಾಡಿ ನೋಡ್ಯಾರ. ಆ ಕಣ ತೆಗೆದ್ರ, ಬೋಳಿಸಿದ ಜಾಗದಾಗ ಇಲಿಗಿ ಕೂದ್ಲಾನೇ ತಿರುಗಿ ಬರಲಿಲ್ಲ. ಅದಕ್ಕೇ ಕಾವಲು ಪೂರಾ ಬಂದ್ ಮಾಡೋದು ಬ್ಯಾಡ. ಜರಾ ಶಾಂತ ಮಾಡೋಣು."

ಬೋಳಾದ ಜಾಗದಲ್ಲಿ ಸಣ್ಣ ಸೂಜಿಯಿಂದ ಔಷಧ ಕೊಡಬೇಕು, ತಿಂಗಳಿಗೊಮ್ಮೆ ಬರಬೇಕು ಎಂದರು. ತಂಬಾಕಿನ ನೀರಿನ ವಿಷಯ ಕೇಳಿ ಮುತ್ಯಾನನ್ನು ಚೆನ್ನಾಗಿ ಬೈದರು. ಕೂದಲು ಬರಬಹುದು, ಬಂದದ್ದು ಮತ್ತೆ ಹೋಗಲೂಬಹುದು, ಗ್ಯಾರಂಟಿ ಕೊಡುವುದಿಲ್ಲ ಎಂದೂ ಹೇಳಿದರು. ಆಮೇಲೆ ಚೀಟಿ ಬರೆಯುತ್ತಾ ಕೇಳಿದರು, "ನಿಮ್ಮ ಮನಿಯಾಗ ಮೊದಲ ಯಾರಿಗರೆ ಹಿಂಗ ಆಗಿತ್ತೇನು?"

"ಇಲ್ರಿ," ಮುತ್ಯಾ ತಟ್ಟನೆ ಹೇಳಿದ. "ಯಾರಿಗೂ ಇಲ್ಲ."

ಡಾಕ್ಟರ್ ತಲೆ ಎತ್ತಿ ಅವನ ಮುಖ ನೋಡಿದರು. "ನಿಮ್ಮ ಮೀಸಿ ಅಲ್ಲಿ ಯಾಕ ಬೆಳ್ಳಗದ?"

"ಟಗರು ಗುದ್ದಿತ್ರಿ."

ಅವರು ಮತ್ತೇನೂ ಕೇಳಲಿಲ್ಲ. ಮುತ್ಯಾ ರುಮಾಲಿನ ಚುಂಗನ್ನು ಬಾಯಿಯ ಮೇಲೆ ಎಳೆದುಕೊಂಡ. ಸೂಜಿಯ ಭಯದಲ್ಲಿ ನಾನು ಅದರ ಕಡೆ ಲಕ್ಷ್ಯ ಕೊಡಲಿಲ್ಲ.

ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಕತ್ತರಿ ಬಿಡುಗಡೆಯಾಯಿತು, ಕೈಯೂ ಬಿಡುಗಡೆಯಾಯಿತು. ಆದರೆ ವಾಪಸ್ ಬರುವಾಗಲೂ ಮುತ್ಯಾ ಎರಡು ಸೀಟು ಹಿಂದೆಯೇ ಕುಳಿತ. ಕತ್ತರಿಯನ್ನು ಮತ್ತೆ ತೊಲೆಗೇ ಕಟ್ಟಿದ. ಮುಂಜಾನೆ ಬೇವಿನ ಗಿಡದ ಹತ್ತಿರ ಕೂಡ ನಿಲ್ಲುವುದನ್ನು ಬಿಟ್ಟ, ದೊಡ್ಡಿಯ ಒಳಗಿನಿಂದಲೇ ಕೈ ಎತ್ತತೊಡಗಿದ. ಮೊದಲಿಗಿಂತ ಇನ್ನೂ ದೂರ.

ಸೂಜಿ ಚುಚ್ಚಿಸಿಕೊಂಡು ಬಂದ ಎರಡನೆಯ ತಿಂಗಳು ನನಗೆ ತಡೆಯಲಾಗಲಿಲ್ಲ.

"ಡಾಕ್ಟರಮ್ಮ ನಿನ್ನ ಕೈ ಬೇಕಸೂರ್ ಅಂದಾರ. ನೀ ಯಾಕ ಒಪ್ಪವಲ್ಲಿ? ಅವರಿಗಿಂತ ನಿನಗ ಜಾಸ್ತಿ ಗೊತ್ತದೇನು?"

"ಹಂಗಲ್ಲ ಯವ್ವಾ."

"ಮತ್ತ ಹ್ಯಾಂಗ?"

ಅವನು ಕುರಿಯ ಗೊರಸು ನೋಡುವ ನೆಪ ಮಾಡಿ ಎದ್ದು ಹೋದ. ನನ್ನ ಮುತ್ಯಾ ನನ್ನ ಮಾತಿಗೆ ಉತ್ತರ ಕೊಡದೆ ಎದ್ದು ಹೋದದ್ದು ಅದೇ ಮೊದಲು. ಆ ದಿನ ನಾನು ಊಟ ಬಿಟ್ಟೆ. ಅವನೂ ಬಿಟ್ಟನೆಂದು ಅವ್ವ ಪಾತ್ರೆಗಳಿಗೆ ಹೇಳುತ್ತಿದ್ದಳು.

ಮೇ ತಿಂಗಳು ಬಂತು. ಜೂನಿನ ಮಿರಗದ ಮಳೆ ಬೀಳುವ ಮುಂಚೆ ಕುರಿಗಳಿಗೆ ಇನ್ನೊಂದು ಸಲ ಉಣ್ಣೆ ಕತ್ತರಿಸಬೇಕು. ಮುತ್ಯಾ ಏಳಲಿಲ್ಲ. ಅಪ್ಪ ಹಳ್ಳಿಖೇಡದಿಂದ ಬೇರೆಯವರನ್ನು ಕರೆಸಿದರೆ, ಇವನು ಅವರಿಗೆ ಚಹಾ ಕುಡಿಸಿ ವಾಪಸ್ ಕಳಿಸಿದ. ತಾನೂ ಮಾಡುವುದಿಲ್ಲ, ಬೇರೆಯವರ ಕೈಯಲ್ಲಿ ಗೀರು ಬೀಳುವುದನ್ನು ನೋಡುವುದೂ ಇಲ್ಲ. ಬಿಸಿಲಿನಲ್ಲಿ ಕುರಿಗಳು ದಪ್ಪ ಉಣ್ಣೆ ಹೊತ್ತು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

ಆ ತಿಂಗಳ ಕೊನೆಯಲ್ಲಿ ಅಂಗಡಿಯಲ್ಲಿ ನನ್ನ ತಲೆ ಬಾಚುತ್ತಿದ್ದ ಖಾಲಾ ಚೀರಿದರು. "ಬಂದಾವ! ಬೇಟಾ, ಬಂದಾವ!" ಕನ್ನಡಿ ತರಲು ಓಡಿದರು. ಓಡಿದವರು ಅಲ್ಲೇ ನಿಂತರು.

"ಏನಾಯ್ತು ಖಾಲಾ?"

"ಬಂದಾವ ಖರೆ. ಜರಾ... ಬೆಳ್ಳಗ ಅದಾವ."

ಎರಡು ಕನ್ನಡಿಗಳ ನಡುವೆ ನೋಡಿದೆ. ಕಪ್ಪು ಕೂದಲ ಮಧ್ಯೆ ಬಳೆಯಷ್ಟು ಜಾಗದಲ್ಲಿ ಅಪ್ಪಟ ಬಿಳಿಯ ನವಿರು ಕೂದಲು, ಆಗ ತಾನೇ ಹುಟ್ಟಿದ ಮರಿಯ ಮೈಯಂತೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆ. "ಒಳ್ಳೇದಾಯ್ತು!" ಎಂದರು ಆ ಕಡೆಯಿಂದ. ಮೊದಲು ಹೀಗೆ ಬೆಳ್ಳಗೇ ಬರುವುದು ಹೆಚ್ಚು, ಬಹಳ ಜನರಿಗೆ ಮುಂದೆ ಕಪ್ಪಾಗುತ್ತದೆ, ಕೆಲವರಿಗೆ ಹಾಗೆಯೇ ಉಳಿಯುತ್ತದೆ. ಫೋನು ಇಡುವ ಮುಂಚೆ ಒಂದು ಮಾತು ಸೇರಿಸಿದರು.

"ನಿಮ್ಮ ಮುತ್ಯಾಗ ಒಮ್ಮಿ ತೋರಿಸವ್ವಾ."

ಮಧ್ಯಾಹ್ನದ ಬಸ್ಸಿಗೇ ಊರಿಗೆ ಬಂದೆ. ಮುತ್ಯಾ ದೊಡ್ಡಿಯ ನೆರಳಲ್ಲಿ ಕುಳಿತು ಒಂದು ಕುರಿಗೆ ನೀರು ಕುಡಿಸುತ್ತಿದ್ದ. ಪಕ್ಕದಲ್ಲಿ ಹುಲಿಯಾ, ಅದರ ಬೆನ್ನಿಗೆ ಆನಿಕೊಂಡು ಗೌರಿ. ನಾನು ಅವನ ಮುಂದೆ ಕುಳಿತು, ದುಪಟ್ಟಾ ತೆಗೆದು ತಲೆ ಬಗ್ಗಿಸಿದೆ.

ತಲೆ ಎತ್ತಿ ನೋಡಿದರೆ ಅವನ ಕೈ ತನ್ನ ಮೀಸೆಯ ಎಡಗಡೆ ಹೋಗಿತ್ತು. ಕಣ್ಣಲ್ಲಿ ನೀರಿತ್ತು.

"ಟಗರು ಗುದ್ದಿಲ್ಲ ಯವ್ವಾ," ಎಂದ.

ಇಪ್ಪತ್ತನೇ ವಯಸ್ಸಿನಲ್ಲಿ ಒಂದು ಮುಂಜಾನೆ ಅವನ ಮೀಸೆಯಲ್ಲಿ ದುಂಡಗೆ ಒಂದು ಜಾಗ ಬೋಳಾಗಿತ್ತಂತೆ. ಅದೇ ನುಣುಪು. ಮದುವೆಗೆ ಹೆಣ್ಣು ನೋಡುತ್ತಿದ್ದ ದಿನಗಳು. ಮಂದಿ ಏನಾಯಿತೆಂದು ಕೇಳಿದಾಗ ಟಗರು ಗುದ್ದಿತು ಎಂದ. ಆರು ತಿಂಗಳಿಗೆ ಕೂದಲು ತಾನಾಗಿಯೇ ಬಂತು, ಬೆಳ್ಳಗೆ. ಟಗರಿನ ಕಥೆ ಊರಿಗೆಲ್ಲ ಹಬ್ಬಿತ್ತು, ಅದನ್ನೇ ಉಳಿಸಿಕೊಂಡ. ಬರುಬರುತ್ತಾ ಅವನಿಗೇ ಅದು ಖರೆ ಅನಿಸತೊಡಗಿತ್ತು. ನನ್ನ ತಲೆ ನೋಡಿದಾಗಲೂ ಅವನಿಗೆ ಕುರಿಯ ರೋಗವೇ ನೆನಪಾಯಿತು, ತನ್ನ ಮೀಸೆ ನೆನಪಾಗಲಿಲ್ಲ. ನೆನಪಾದದ್ದು, ಡಾಕ್ಟರ್ ಆ ಪ್ರಶ್ನೆ ಕೇಳಿದಾಗ.

"ಸುಳ್ಳ ಹೇಳಿದೆ ಆ ತಾಯಿಗಿ," ಎಂದ. "ಕತ್ತರಿ ತಪ್ಪಾದ್ರ ಒಗೀಬಹುದು, ಕೈ ತಪ್ಪಾದ್ರ ದೂರ ಇಟ್ಕೋಬಹುದು. ನನ್ನ ರಕ್ತನೇ ನಿನ್ನ ಮೈಯಾಗ ಹೋಗಿ ಹಿಂಗ ಮಾಡ್ಯಾದಂದ್ರ ಅದಕ್ಕ ಎಲ್ಲಿ ಒಗೀಲಿ?"

ನನಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ನಿಂತುಬಿಟ್ಟೆ. ನಾಲ್ಕು ತಿಂಗಳು! ಇಷ್ಟಕ್ಕೆ ಈ ಮನುಷ್ಯ ನನ್ನ ತಲೆ ಮುಟ್ಟದೆ ನಾಲ್ಕು ತಿಂಗಳು ಕಳೆದಿದ್ದ.

"ಈ ದಪ್ಪ ಮೂಗು ಯಾರದು?" ಎಂದು ಕೇಳಿದೆ. "ನಿಂದು. ಈ ಸಿಟ್ಟು ಯಾರದು? ನಿಂದು. ಬಸ್ಸಿನಾಗ ವಾಂತಿ ಮಾಡೋದು ಕೂಡ ನಿಂದೇ ಬಂದದ. ಅದಕ್ಕೆಲ್ಲ ಗುಡಿಸಲಾಗ ಹೋಗಿ ಕುಂತಿಲ್ಲ ನೀ. ಬಳೆಯಷ್ಟು ಬಿಳೀ ಕೂದ್ಲಾ ಕೊಟ್ಟೀನಂತ ಅಳಾಕತ್ತೀಯಾ? ಉದ್ದ ಜಡಿ ಕೊಟ್ಟಾಗ ಊರೆಲ್ಲಾ ಹೇಳ್ಕೊಂಡು ತಿರುಗಾಡಿದಿ, ಅದೂ ಇದೇ ರಕ್ತ ಅಲ್ಲೇನು?"

ಮುತ್ಯಾ ರುಮಾಲಿನಿಂದ ಮೂಗು ಒರೆಸಿಕೊಂಡ. ಕೈ ಮಾತ್ರ ಚಾಚಲಿಲ್ಲ. ನನ್ನ ಸಿಟ್ಟೆಲ್ಲ ಅಷ್ಟಕ್ಕೇ ಮುಗಿದು ಅಳು ಬಂತು. ಮನೆಯೊಳಗೆ ಹೋದೆ.

ಮಾರನೆಯ ಮುಂಜಾನೆ ಬಸ್ಸಿಗೆ ಅರ್ಧ ಗಂಟೆ ಇರುವಾಗಲೇ ಎದ್ದು, ಏಣಿ ಹಾಕಿ ತೊಲೆಗೆ ಕಟ್ಟಿದ್ದ ಕತ್ತರಿ ಇಳಿಸಿದೆ. ಎಣ್ಣೆ ಹಾಕಿ ಒರೆಸಿದೆ. ಅಪ್ಪನಿಗೆ ಒಂದು ಕುರಿ ಹಿಡಿದು ತಾ ಎಂದೆ. ಜಡೆ ಬಿಚ್ಚಿ, ಬೇವಿನ ಗಿಡದ ಕೆಳಗೆ ಬೆನ್ನು ಮಾಡಿ ಕುಳಿತು ಕೂಗಿದೆ.

"ಮುತ್ಯಾ, ಬಾ. ಕುರಿ ಸಾಯಾಕತ್ತಾವ ಸೆಖಿಗಿ."

ಅವನು ಬರುವ ಹೆಜ್ಜೆ ಕೇಳಿಸಿತು. ಹಿಂದೆ ಬಂದು ನಿಂತ.

"ದೀಪಾವಳಿ ಅಲ್ಲಲ್ಲ ಈಗ."

"ಈ ವರ್ಷ ಎರಡು ಸಲ."

ಕತ್ತರಿ ಎತ್ತಿಕೊಂಡ ಸದ್ದಾಯಿತು. ಕೂದಲ ತುದಿಯಲ್ಲಿ ಎರಡು ಬೆರಳು ಅಳತೆ ನೋಡಿದವು. ಕಚ್ ಎಂದು ಒಂದೇ ಸಲ. ತುದಿಯನ್ನು ಅಪ್ಪನ ಕೈಗೆ ಕೊಟ್ಟ. ಇನ್ನು ಕುರಿಯ ಕಡೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಕತ್ತರಿಯನ್ನು ನೆಲಕ್ಕಿಟ್ಟ.

ಅಗಲವಾದ ಅಂಗೈ ನನ್ನ ನೆತ್ತಿಯ ಮೇಲೆ ಬಿತ್ತು. ಆಮೇಲೆ ಹೆಬ್ಬೆರಳು ಮೆಲ್ಲಗೆ ಸರಿದು ಆ ಬಿಳಿಯ ಜಾಗವನ್ನು ಹುಡುಕಿ, ಎಳೆಗಳನ್ನು ಹಿಂದೆ ಮುಂದೆ ಸವರಿ ನೋಡಿತು.

"ಮರಿ ಉಣ್ಣೆ ಹಂಗ ಅದ," ಎಂದ. ಮತ್ತೆ ಸವರಿದ. "ನನ್ನ ಮೀಸಿ ನಿನ್ನ ತಲಿ ಮ್ಯಾಲ ಬಂದು ಕುಂತದ ಯವ್ವಾ."

"ಹಾಲು ಕುಡ್ದು ಒರಸ್ಕೊಂಡಿಲ್ಲ ನಾ," ಎಂದೆ.

ರಸ್ತೆಯಲ್ಲಿ ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಕಂಡಕ್ಟರು ನನ್ನ ಹೆಸರು ಹಿಡಿದು ಕೂಗಿದ. ಮುತ್ಯಾ "ಹೋಗಿ ಬಾ" ಎನ್ನಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಬಸ್ಸು ಇನ್ನೊಂದು ಸಲ ಹಾರ್ನು ಹೊಡೆದು ಹೊರಟುಹೋಯಿತು.

ಕುಳಿತಲ್ಲಿಂದಲೇ ಫೋನು ಮಾಡಿದೆ. "ಇವತ್ತು ಬರಲ್ಲ ಖಾಲಾ," ಎಂದೆ. "ನಮ್ಮ ಮನಿಯಾಗ ಕುರಿ ಉಣ್ಣೆ ಕತ್ತರಸಾಕತ್ಯಾರ."